ಮಾವನ ರೇಸ್ ಮಾಡೆಲ್

ನಮ್ಮ ಸೋದರಮಾವನಷ್ಟು ಚೆನ್ನಾಗಿ ಸ್ಪೋರ್ಟ್ಸ್ ಬೈಕ್ ಬಲ್ಲವರು ಉಡುಪಿ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ. ಅವರ ಬಳಿ ಬೈಕೇ ಇಲ್ಲ ಎನ್ನುವುದು ಬೇರೆ ಮಾತು!

ಮಾವ ಉಡುಪಿ–ಕಾರ್ಕಳ ಬಸ್ಸಿನ ಡ್ರೈವರ್. ಮೂವತ್ತು ವರ್ಷಗಳಿಂದ ಅದೇ ರಸ್ತೆ, ಅದೇ ತಿರುವುಗಳು. ಮನಸ್ಸು ಮಾತ್ರ ಒಂದು ಬೈಕಿನ ಹಿಂದೆ. ಅದರಲ್ಲಿ ಸ್ಟ್ಯಾಂಡರ್ಡ್, ರೇಸ್ ಎಂದು ಎರಡು ಬಗೆಯಂತೆ. ನನ್ನ ಕಣ್ಣಿಗೆ ಎರಡೂ ಅವಳಿಜವಳಿ. ಒಮ್ಮೆ ಅವರ ಬಸ್ಸಿನಲ್ಲೇ ಬಾಯಿತಪ್ಪಿ, "ಎರಡೂ ಒಂದೇ ಅಲ್ವಾ ಮಾವ?" ಎಂದುಬಿಟ್ಟೆ. ಕೇಳಿದ್ದು ಮಣಿಪಾಲದಲ್ಲಿ, ಉತ್ತರ ಮುಗಿಯುವಾಗ ಕಾರ್ಕಳ ಬಂದಿತ್ತು!

"ಒಂದೇ ಅಂತೆ! ಸ್ಟ್ಯಾಂಡರ್ಡಿನಲ್ಲಿ ಹ್ಯಾಂಡಲ್ ಮೇಲೆ ಉಂಟು. ನೆಟ್ಟಗೆ ಕೂತು ಮೀನು ತರಲಿಕ್ಕೆ ಹೋಗಬಹುದು. ರೇಸಿನಲ್ಲಿ ಹ್ಯಾಂಡಲ್ ಕೆಳಗೆ, ಕಾಲಿಡುವುದು ಹಿಂದೆ. ಟ್ಯಾಂಕಿನ ಮೇಲೆ ಮಲಗಿದ ಹಾಗೆ ಬಗ್ಗಬೇಕು. ಮತ್ತೆ ಕ್ಲಚ್ ಹಿಡಿಯದೆ ಗೇರ್ ಹಾಕಬಹುದು ಮಾರಾಯ್ತಿ!"

ದಿನವಿಡೀ ಕ್ಲಚ್ ತುಳಿಯುವವರಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಎಲ್ಲಿದೆ, ಹೇಳಿ? ಅಷ್ಟರಲ್ಲಿ ಮಲ್ಲಿಗೆ ಬುಟ್ಟಿಯ ಹೆಂಗಸೊಬ್ಬರು ಕೂಗಿದರು: "ನಿಮ್ಮ ರೇಸ್ ಅಲ್ಲಿರಲಿ ಡ್ರೈವರೇ, ನಾನು ಇಳಿಯುವ ಬೈಲೂರು ಎಲ್ಲಿ ಹೋಯಿತು?"

ಕಾಪುವಿನಲ್ಲಿ ಅತ್ತೆಯ ತಂಗಿಯ ಮಗಳ ಮದುವೆ. ಯಾರೋ ನೆಂಟರು ರೇಸ್ ಮಾಡೆಲಿನಲ್ಲೇ ಬಂದಿದ್ದರು. ಮಾವ ಹಾಲ್‌ನ ಹೊರಗೆ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತವರು ಎದ್ದದ್ದು ಕೊನೆಯ ಪಂಕ್ತಿಯೂ ಮುಗಿದ ಮೇಲೆ. ಮನೆಗೆ ಬಂದ ಮೇಲೆ ಅತ್ತೆ ವಿಚಾರಣೆಗೆ ನಿಂತರು.

"ಅಷ್ಟು ಹೊತ್ತು ಎಂತ ನೋಡಿದ್ದು?"

"ಹಿಂದಿನ ಸೀಟೇ ಇಲ್ಲ ಅದರಲ್ಲಿ."

"ಮತ್ತೆ ನಾನು?"

"ನಿನಗೆ ಬಸ್ಸು ಉಂಟಲ್ಲ!"

ಅತ್ತೆ ಹಣೆ ಚಚ್ಚಿಕೊಂಡರು. ನಾನು ಬಿದ್ದು ಬಿದ್ದು ನಕ್ಕೆ. ಮಾವ ಮಾತ್ರ ನಗಲಿಲ್ಲ. "ಮೂವತ್ತು ವರ್ಷ ಊರವರನ್ನೆಲ್ಲ ಹೊತ್ತು ಹೋಗಿದ್ದೇನೆ. ಒಮ್ಮೆ ಒಬ್ಬನೇ ಹೋಗಬೇಕು" ಎಂದರು, ಯಾರಿಗೋ ಹೇಳುವಂತೆ.

ವಯಸ್ಸಾಯಿತೆಂದು ಬಸ್ಸಿನ ಕೆಲಸ ಬಿಟ್ಟ ಮರುವಾರವೇ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಉಡುಪಿಯ ಶೋರೂಮಿಗೆ ಹೊರಟರು. ಜೊತೆಗೆ ನಾನು, ಗೊಣಗುತ್ತಾ ಅತ್ತೆ. ರೇಸ್ ಮಾಡೆಲನ್ನು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದರು. ಮಾವ ಹತ್ತಿದರು. ಬಗ್ಗಿದರು. ಹ್ಯಾಂಡಲ್ ಕೈಗೆ ಸಿಕ್ಕಿತು. ಮುಖ ಅರಳಿತು. ಆಮೇಲೆ ಏಳಲು ಹೋದರೆ, ಸೊಂಟ ಹಿಡಿದುಕೊಂಡಿದೆ! ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಸರ್, ನಿಮಗೆ ಸ್ಟ್ಯಾಂಡರ್ಡೇ ಒಳ್ಳೆಯದು" ಎಂದರು ಸೇಲ್ಸ್‌ನವರು, ಮೆಲ್ಲಗೆ.

ಮಾವ ಹ್ಯಾಂಡಲ್ ಬಿಡಲಿಲ್ಲ. ಈ ಬೈಕು ಮನೆಗೆ ಬರುವುದಿಲ್ಲ ಎಂದು ಮೂವರಿಗೂ ಗೊತ್ತಾಗಿತ್ತು. ಸೇಲ್ಸ್‌ನವರು ಎಬ್ಬಿಸಲು ಇನ್ನೊಬ್ಬರನ್ನು ಕರೆದರು.

ಅತ್ತೆ ಕೈ ಅಡ್ಡ ಹಿಡಿದರು. "ಈಗಲೇ ಎಬ್ಬಿಸಬೇಡಿ. ಸ್ವಲ್ಪ ಹೊತ್ತು ಹಾಗೇ ಇರಲಿ."

ಬಗ್ಗಿದ್ದಕ್ಕೆ ಮೇಲೆ ಸರಿದಿದ್ದ ಮಾವನ ಅಂಗಿಯನ್ನು ಕೆಳಗೆಳೆದು ಸರಿಮಾಡಿದರು. ಮಾವ ಗಾಜಿನಾಚೆಯ ಹೆದ್ದಾರಿಯನ್ನು ನೋಡುತ್ತಲೇ ಇದ್ದರು. ಅತ್ತೆಯ ಕೈ ಆ ಬೆನ್ನಿನ ಮೇಲೆಯೇ ಇತ್ತು.