ಬಟ್ಟೆ ಬೀರುವಿನ ಡ್ರ್ಯಾಗನ್

"ಆ ಡ್ರ್ಯಾಗನ್ ನಾನೇ ಆಗ್ತೀನಿ!" ಎಂದು ನಾನು ಘೋಷಿಸಿದಾಗ ಮಗಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ನಮ್ಮ ಯಜಮಾನರು ಮಾತ್ರ ಪತ್ರಿಕೆಯಿಂದ ತಲೆಯನ್ನೂ ಎತ್ತದೆ, "ಇನ್ನು ಮೇಲೆ ಆಗೋದೇನು ಬಂತು?" ಎಂದರು.

ಆ ಮಾತನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಕಲಾವಿದೆ ಎಂದ ಮೇಲೆ ಇಂಥದ್ದನ್ನೆಲ್ಲ ಸಹಿಸಬೇಕಾಗುತ್ತದೆ!

ವಿಷಯ ಇಷ್ಟು. ಈ ಹೊಸ ಮನೆಗೆ ಬಂದ ಮೇಲೆ ಮಗಳು ಮಂಕಾಗಿಬಿಟ್ಟಿದ್ದಳು. ಕಾಲೇಜಿಗೆ ಹೋಗುವುದು, ಬರುವುದು, ಕೋಣೆಯ ಬಾಗಿಲು ಹಾಕಿಕೊಳ್ಳುವುದು. ಒಬ್ಬ ಗೆಳತಿಯೂ ಮನೆಗೆ ಬಂದವಳಲ್ಲ. ಬೆಳಿಗ್ಗೆ ಕೈಮುಗಿದು ನಿಂತಾಗಲೆಲ್ಲ ನನ್ನದು ಒಂದೇ ಬೇಡಿಕೆ: "ಈ ಮಗೂಗೆ ಜೊತೆಗೊಂದು ಜೀವ ಕೊಡಪ್ಪ." ಒಂದು ಜೀವ ಕೇಳಿದರೆ ದೇವರು ಇಡೀ ಸಾಮ್ರಾಜ್ಯವನ್ನೇ ಕಳಿಸಿದ. ಅದೂ ಕಂಪ್ಯೂಟರ್ ಆಟದ ರೂಪದಲ್ಲಿ! ಮಂತ್ರವಾದಿಗಳು, ಮಾತನಾಡುವ ಮರಗಳು, ನೀರಿನ ಮೇಲೆ ತೇಲುವ ಕೋಟೆಗಳು. ಅದೇ ಆಟದ ಹುಚ್ಚು ಹತ್ತಿದ ಹುಡುಗಿಯರ ಗುಂಪೊಂದು ಕಾಲೇಜಿನಲ್ಲೇ ಅವಳಿಗೆ ಸಿಕ್ಕಿತು.

ಆ ಹುಡುಗಿಯರು ಬರೀ ಆಡಿ ಸುಮ್ಮನಾಗುವವರಲ್ಲ. ಒಬ್ಬಳು ಸ್ಪಂಜಿನ ಹಾಳೆ ಕತ್ತರಿಸಿ ಯೋಧರ ಕವಚ ಮಾಡುತ್ತಾಳೆ. ಒಬ್ಬಳು ಎಲ್ಲೂ ಇಲ್ಲದ ದೇಶಕ್ಕೆ ನಕ್ಷೆ ಬರೆಯುತ್ತಾಳೆ. ನಮ್ಮವಳು ಆ ಲೋಕದಲ್ಲಿ ನಡೆಯುವಂಥ ಹೊಸ ಕಥೆ ಕಟ್ಟಿ, ಗೆಳತಿಯರಿಂದ ದನಿ ಕೊಡಿಸಿ, ಕೇಳುವ ನಾಟಕ ಮಾಡಲು ಹೊರಟಿದ್ದಳು. ತರಕಾರಿ ಹೆಚ್ಚುತ್ತಾ ನಾನು ಎಲ್ಲಕ್ಕೂ ಕಿವಿಗೊಡುತ್ತಿದ್ದೆ. ಕೇಳಿ ಕೇಳಿ, ಗಂಡನ ಮನೆಯ ವಂಶಾವಳಿಗಿಂತ ಆ ರಾಜರ ವಂಶಾವಳಿಯೇ ನನಗೆ ಚೆನ್ನಾಗಿ ಬಾಯಿಪಾಠವಾಗಿದೆ!

ಹೀಗಿರುವಾಗ ಡ್ರ್ಯಾಗನ್ ಆಗಬೇಕಿದ್ದ ಹುಡುಗಿಗೆ ಗಂಟಲು ಕಟ್ಟಿತು. ನಾಟಕ ಅಂದು ಸಂಜೆಯೊಳಗೆ ಗುಂಪಿನ ನಾಯಕಿಗೆ ತಲುಪಬೇಕು. ಎಲ್ಲರನ್ನೂ ಗದರಿಸಿ ಕೆಲಸ ತೆಗೆಯುವ ಆಕೆಗೆ ಸೇನಾಪತಿ ಎಂದೇ ಹೆಸರು.

"ತಲುಪದಿದ್ರೆ ಬೇರೆಯವಳ ಕಥೆ ತಗೊಳ್ತಾರಂತೆ ಅಮ್ಮ. ಆಮೇಲೆ ನನ್ನನ್ನ ಯಾರು ಕೇಳ್ತಾರೆ?" ಎಂದು ಮಗಳು ಕಣ್ಣು ತುಂಬಿಕೊಂಡಾಗಲೇ ನನ್ನ ಬಾಯಿಂದ ಆ ಘೋಷಣೆ ಹೊರಬಿದ್ದದ್ದು.

"ಅಮ್ಮ, ಅದು ಶಾಪ ಹಾಕೋ ಡ್ರ್ಯಾಗನ್. ಕೇಳಿದವರು ಗಡಗಡ ನಡುಗಬೇಕು."

"ನಡುಗಿಸ್ತೀನಿ! ಹೊಲಿಗೆ ನನಗೆ ಯಾರು ಹೇಳಿಕೊಟ್ರು? ಸೈಕಲ್ ಯಾರು ಹೇಳಿಕೊಟ್ರು? ಗರ್ಜನೆಗೊಬ್ಬರು ಮೇಷ್ಟ್ರು ಬೇಕಾ?"

"ಬೇಡ ಬೇಡ, ಅದರಲ್ಲಿ ನಿಂದು ಹುಟ್ಟು ಪ್ರತಿಭೆ," ಎಂದಿತು ಪತ್ರಿಕೆ.

ಬಟ್ಟೆಗಳ ನಡುವೆ ದನಿ ಪ್ರತಿಧ್ವನಿಸುವುದಿಲ್ಲವಂತೆ. ಆದ್ದರಿಂದ ಮಲಗುವ ಕೋಣೆಯ ಗೋಡೆ ಬೀರುವೇ ನಮ್ಮ ಸ್ಟುಡಿಯೋ. ಹ್ಯಾಂಗರ್‌ಗೆ ಮೈಕ್ ನೇತುಹಾಕಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಮಗಳು ಕಾಲೇಜಿಗೆ ಹೋದಳು. ನಾನು ಒಳಗೆ ಹೊಕ್ಕು ಬಾಗಿಲು ಎಳೆದುಕೊಂಡೆ. ಮೂಗಿನ ಮುಂದೆ ಯಜಮಾನರ ಪ್ಯಾಂಟು, ಬೆನ್ನಿಗೆ ಕಂಬಳಿ, ಸುತ್ತ ನುಸಿಗುಳಿಗೆಯ ಘಾಟು. ಡ್ರ್ಯಾಗನ್ನುಗಳಿಗೆ ಯಾಕೆ ಅಷ್ಟು ಸಿಟ್ಟು ಎಂದು ಆಗ ಅರ್ಥವಾಯಿತು!

"ಮಾತು ಕೊಟ್ಟು ತಪ್ಪಿದವನೇ!" ಗರ್ಜಿಸಿದೆ. "ನಿನ್ನ ಕೈಯಲ್ಲಿರುವ ಆಯುಧ ತುಕ್ಕು ಹಿಡಿಯಲಿ! ನಿನ್ನ ಕೋಟೆ ಉರಿದು ಬೂದಿಯಾಗಲಿ! ನಿನ್ನ ನದಿಗಳು ಬತ್ತಿಹೋಗಲಿ!"

ಬೀರುವಿನ ಹಿಂದಿನ ಗೋಡೆಯ ಆಚೆ ಅಡುಗೆಮನೆ. ಸಿಂಕ್ ಸೋರುತ್ತಿದೆ ಎಂದು ಎಷ್ಟು ಕರೆದರೂ "ನಾಳೆ ಬರ್ತೀನಿ" ಎನ್ನುತ್ತಿದ್ದ ಪ್ಲಂಬರ್ ಅದೇ ಗಳಿಗೆಯಲ್ಲಿ ಬಂದು, ಕೈಯಲ್ಲಿ ಸ್ಪ್ಯಾನರ್ ಹಿಡಿದು ಸಿಂಕಿನ ಕೆಳಗೆ ಕೂತಿದ್ದನಂತೆ. ಆಮೇಲೆ ಯಜಮಾನರೇ ಅಭಿನಯಿಸಿ ತೋರಿಸಿದರು.

"ಸಾರ್... ಯಾರದು?"

"ನಮ್ಮ ಮನೆಯವಳು."

"ಎಲ್ಲಿದ್ದಾರೆ?"

"ಬೀರುವಿನಲ್ಲಿ."

"ಯಾಕೆ ಸಾರ್?"

"ಡ್ರ್ಯಾಗನ್ ಆಗಿದ್ದಾಳೆ."

ಅವನು ತಲೆಯನ್ನು ಮತ್ತೆ ಸಿಂಕಿನ ಕೆಳಗೆ ಎಳೆದುಕೊಂಡನಂತೆ.

ನಾನು ಬೆವರಿಳಿಸುತ್ತ, ಹೆಗಲಿಗೆ ಒಂದು ಹ್ಯಾಂಗರ್ ಸಿಕ್ಕಿಸಿಕೊಂಡೇ ಹೊರಬಂದೆ. ಪ್ಲಂಬರ್ ಕೈಕಟ್ಟಿ ನಿಂತಿದ್ದ.

"ತಪ್ಪಾಯ್ತು ಮೇಡಂ. ಬರ್ತೀನಿ ಅಂದು ಬರಲಿಲ್ಲ. ಸಿಂಕ್ ಸರಿಯಾಯ್ತು, ಸ್ನಾನದ ಮನೆ ನಲ್ಲಿನೂ ಬಿಗಿ ಮಾಡಿದ್ದೀನಿ. ಕೋಟೆಗೀಟೆ ನನಗಿಲ್ಲ, ಅದು ಉರೀಲಿ ಬಿಡಿ. ಆ ನದಿ ಬತ್ತೋದೊಂದು ವಾಪಸ್ ತಗೊಳಿ. ನೀರೇ ನಮ್ಮ ಹೊಟ್ಟೆಪಾಡು!"

"ವಾಪಸ್ ತಗೊಂಡೆ ಕಣಪ್ಪ," ಎಂದು ಅಭಯ ನೀಡಿದೆ. ನನ್ನ ಗರ್ಜನೆಗೆ ಸಿಕ್ಕ ಮೊದಲ ಪ್ರಶಸ್ತಿ! ಕೊನೆಗೂ ಒಬ್ಬ ಗಂಡಸನ್ನು ನಡುಗಿಸಿದ್ದೆ. ನಡುಗಿದ್ದು ನನ್ನ ಗಂಡನಲ್ಲ ಎಂಬುದೊಂದೇ ಕೊರತೆ.

ಮಧ್ಯಾಹ್ನ ಮಗಳು ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ನಾನು ಹೊಗಳಿಕೆ ಸ್ವೀಕರಿಸಲು ಸೆರಗು ಸರಿ ಮಾಡಿಕೊಂಡು ನಿಂತೆ. ಅವಳ ಹುಬ್ಬು ಮೇಲೆ ಹೋಯಿತು. ಅಲ್ಲೇ ನಿಂತಿತು.

"ಅಮ್ಮ, ಬೀರುವಿನೊಳಗೆ ನಿನ್ನ ಜೊತೆ ಇನ್ನೊಬ್ಬರು ಯಾರಿದ್ರು?"

"ನಿಮ್ಮಪ್ಪನ ಪ್ಯಾಂಟು," ಎಂದೆ, ಒಡೆದ ದನಿಯಲ್ಲಿ.

ಅವಳು ಹೆಡ್‌ಫೋನಿನ ತಂತಿ ಕಿತ್ತಳು. ನನ್ನ ಗರ್ಜನೆ ಮನೆಯೆಲ್ಲ ಮೊಳಗಿತು: "ನಿನ್ನ ಕೋಟೆ ಉರಿದು ಬೂದಿಯಾಗಲಿ!" ಅದರ ಬಾಲಕ್ಕೇ ಅಂಟಿಕೊಂಡು, ಪಿಸಪಿಸ ಎಂದು ಇನ್ನೊಂದು ದನಿ: "ದೇವರೇ, ಒಳಗಿದ್ದವರೆಲ್ಲ ಮೊದಲೇ ಹೊರಗೆ ಬಂದಿರಲಿ."

ನನ್ನದೇ ದನಿ!

"ನಿನ್ನ ನದಿಗಳು ಬತ್ತಿಹೋಗಲಿ!" "...ಸಂಜೆ ತನಕ ಸಾಕಪ್ಪ. ದನಕರುಗಳಿಗೆ ನೀರು ಬೇಕು."

ದೇವರಾಣೆಗೂ ನನಗೆ ಗೊತ್ತೇ ಆಗಿರಲಿಲ್ಲ! ಕೆಟ್ಟ ಮಾತು ಬಾಯಿಂದ ಬಂದರೆ ಹಿಂದೆಯೇ ಒಂದು ಒಳ್ಳೆಯ ಮಾತು ಹೇಳಿ ಅಳಿಸಿಬಿಡುವುದು ನನಗೆ ಉಸಿರಾಟದಷ್ಟೇ ಅಭ್ಯಾಸ. ಗೋಡೆಯಾಚೆಗೆ ಗರ್ಜನೆ ಮಾತ್ರ ಕೇಳಿಸಿತ್ತು. ಬಾಯಿಯ ಪಕ್ಕದಲ್ಲೇ ತೂಗುತ್ತಿದ್ದ ಮೈಕ್ ಎಲ್ಲವನ್ನೂ ಕೇಳಿಸಿಕೊಂಡಿತ್ತು.

"ಪಿಸುಮಾತು ಕತ್ತರಿಸಿದ್ರೆ ಗರ್ಜನೆನೂ ಹೋಗುತ್ತೆ. ಮತ್ತೆ ಹೇಳಮ್ಮ, ಬೇಗ!"

ಗರ್ಜಿಸಲು ಬಾಯಿ ತೆರೆದೆ. ಎಣ್ಣೆ ಕಾಣದ ಗೇಟಿನಂಥ ಸದ್ದು ಬಂತು. ಗಂಟಲು ಪೂರಾ ಹೋಗಿತ್ತು.

"ಈ ದಿನವನ್ನ ನಾನು ಜನ್ಮದಲ್ಲಿ ಮರೆಯಲ್ಲ," ಎಂದರು ಯಜಮಾನರು. ಆದರೆ ಮಗಳ ಮುಖ ನೋಡಿ ಪತ್ರಿಕೆ ಮಡಚಿಟ್ಟರು. ಅವಳ ಕಥೆ ನನ್ನಿಂದಲೇ ಹಾಳಾಗಿತ್ತು. ಯಂತ್ರ ಮಾತ್ರ ನಿಲ್ಲಲಿಲ್ಲ.

"ನಿನ್ನ ಮಕ್ಕಳು ನಿನ್ನ ಹೆಸರನ್ನೇ ಮರೆಯಲಿ!" "...ಇದನ್ನ ಮಾತ್ರ ಕಿವಿಗೆ ಹಾಕ್ಕೋಬೇಡ ತಂದೆ. ಇದು ಬರೀ ಕಥೆಗೆ. ನನ್ನ ಮಗೂನ ಚೆನ್ನಾಗಿಡು. ಅವಳ ಗೆಳತಿಯರು ಅವಳನ್ನ ಬಿಟ್ಟುಹೋಗದ ಹಾಗೆ ನೋಡ್ಕೋ."

ಮಗಳು ಪರದೆಯನ್ನೇ ನೋಡುತ್ತಾ ಕೂತಳು. ಮೂಗು ಒರೆಸಿಕೊಂಡಳು. ಆಮೇಲೆ ಅಂದಳು: "ಹೀಗೇ ಕಳಿಸ್ತೀನಿ. ಕಥೆನೇ ಬದಲಾಯಿಸ್ತೀನಿ. ಮಂತ್ರವಾದಿ ಈ ಡ್ರ್ಯಾಗನ್ನಿಗೆ ಬಲವಂತವಾಗಿ ಶಾಪ ಹಾಕಿಸ್ತಿರ್ತಾನೆ. ಅದು ಗುಟ್ಟಾಗಿ ಒಂದೊಂದನ್ನೇ ವಾಪಸ್ ತಗೊಳ್ತಿರುತ್ತೆ."

ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ನಾನು ಅವಳ ಬೆನ್ನ ಹಿಂದೆ ಕೈಮುಗಿದು ನಿಂತಿದ್ದೆ, ಈ ಸಲ ಬೇಡಿಕೆಯೆಲ್ಲ ಮನಸ್ಸಿನಲ್ಲೇ. ಪಿಸುಗುಡಲೂ ದನಿಯಿರಲಿಲ್ಲವಲ್ಲ! ಸಂಜೆ ನಾಟಕ ಹೋಯಿತು. ಸ್ವಲ್ಪ ಹೊತ್ತಿಗೆ ಸೇನಾಪತಿಯ ಉತ್ತರ ಬಂತು: "ನಿಮ್ಮಮ್ಮನ್ನ ನೋಡಬೇಕು. ಭಾನುವಾರ ಎಲ್ಲರೂ ಬರ್ತಿದ್ದೀವಿ."

ಬಂದರು! ಬಾಗಿಲ ಬಳಿ ಚಪ್ಪಲಿಗಳ ರಾಶಿ, ಅದರ ಮೇಲೆ ಸ್ಪಂಜಿನ ಕತ್ತಿಗಳ ರಾಶಿ. ಸೋಫಾ ಸಾಲದೆ ನೆಲದ ಮೇಲೂ ಹುಡುಗಿಯರು. ಮಧ್ಯದಲ್ಲಿ ನನ್ನ ಮಗಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಅಡುಗೆಮನೆಯಲ್ಲಿ ನಿಂತು ಆ ಗಲಾಟೆ ಕೇಳಿದೆ. ದೇವರು ನನ್ನ ಅಷ್ಟೂ ಗರ್ಜನೆಯನ್ನು ಪಕ್ಕಕ್ಕಿಟ್ಟು, ಪಿಸುಮಾತಿಗೆ ಮಾತ್ರ ಕಿವಿಗೊಟ್ಟಿದ್ದ. ಕಣ್ಣೊರೆಸಿಕೊಂಡು ತಟ್ಟೆ ಹಿಡಿದು ಹೊರಗೆ ಬಂದೆ.

ಆದರೂ ಕಲಾವಿದೆಯ ಆಸೆ ಸುಮ್ಮನಿರುತ್ತದೆಯೇ?

"ನಿಜ ಹೇಳಿ," ಎಂದು ದನಿ ದಪ್ಪ ಮಾಡಿ ಕೇಳಿದೆ, "ಯಾವ ಜಾಗದಲ್ಲಿ ಜಾಸ್ತಿ ಹೆದರಿಕೆ ಆಯ್ತು? ಕೋಟೆ ಉರಿಯೋ ಕಡೆನಾ, ನದಿ ಬತ್ತೋ ಕಡೆನಾ?"

ಹುಡುಗಿಯರು ಮುಖ ಮುಖ ನೋಡಿಕೊಂಡರು. ಕೊನೆಗೆ ಕವಚ ಮಾಡುವ ಹುಡುಗಿ ಸಂಕೋಚದಿಂದ ಬಾಯಿ ಬಿಟ್ಟಳು.

"ಬೇಜಾರು ಮಾಡ್ಕೋಬೇಡಿ ಆಂಟಿ. ಹಾಸ್ಟೆಲ್‌ನಲ್ಲಿ ನನಗೆ ನಿದ್ದೆನೇ ಬರ್ತಿರಲಿಲ್ಲ. ಈಗ ನಿಮ್ಮ ಡ್ರ್ಯಾಗನ್ ಕಿವಿಗೆ ಹಾಕ್ಕೊಂಡು ಮಲಗ್ತೀನಿ. ಕೋಟೆಗೆ ಬೆಂಕಿ ಬೀಳೋದ್ರೊಳಗೆ ಗೊರಕೆ! ನದಿ ತನಕ ಒಂದು ದಿನಾನೂ ಎಚ್ಚರ ಇದ್ದೇ ಇಲ್ಲ!"