ಬಿ.ಎಡ್. ಮಾಸ್ತರರೂ ವಿಮಾನ ಉರುಳಿಸುವ ಡಬ್ಬಿಯೂ

ನಮ್ಮ ಓಣಿಗೆ ಟಿ.ವಿ. ಬರುವ ಮೊದಲೇ ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ವೈರಿ ವಿಮಾನ ಉರುಳಿಸುವ ವಿಡಿಯೋ ಗೇಮಿನ ಡಬ್ಬಿ ಬಂತು. ಆವತ್ತಿನಿಂದ ನಗುವುದಕ್ಕೆ ನನಗೆ ಬೇರೆ ಕಡೆ ಹೋಗುವ ಕೆಲಸವೇ ಬೀಳಲಿಲ್ಲ. ಸಾಲಿ ಬಿಟ್ಟವನು, ಅಲ್ಲೇ ಬಿದ್ದಿರುತ್ತಿದ್ದೆ. ಬಿ.ಎಡ್. ಓದುತ್ತಿದ್ದುದಕ್ಕೇ ಓಣಿಯವರೆಲ್ಲ ಮಾಸ್ತರರು ಅನ್ನುತ್ತಿದ್ದವರೂ ಅಲ್ಲಿಗೆ ಬರತೊಡಗಿದರು. ಮನುಷ್ಯ ಹೇಗೆ ಕಲಿಯುತ್ತಾನೆ ಅನ್ನುವ ಸಿದ್ಧಾಂತವನ್ನು ಅವರು ಪರೀಕ್ಷೆಗಾಗಿ ತಮ್ಮ ಕಾಲೇಜಿನ ಗುರುಗಳಿಗೆ ಕಣ್ಣಾರೆ ತೋರಿಸಬೇಕಿತ್ತು. ಪಾಸಾದರೆ ಹಿರೇಕೆರೂರಿನಲ್ಲಿ ನೌಕರಿ, ಇಲ್ಲದಿದ್ದರೆ ಮಾವನ ಕಾಳಿನ ಅಂಗಡಿಯಲ್ಲಿ ಚೀಲ ಹೊಲಿಯುವುದು. ಪ್ರಯೋಗಕ್ಕೆ ಸಿಕ್ಕವನು ನಾನು.

ತಪ್ಪುತ್ತಾ ಕಲಿಯುವುದು

ನನ್ನ ವಿಮಾನ ಸುಟ್ಟು ಬಿದ್ದಾಗಲೆಲ್ಲ ಮಾಸ್ತರರಿಗೆ ಖುಷಿ.

"ಬೀಳ್ಲಿ ಬಿಡಲೇ! ತಪ್ಪು ಮಾಡ್ತ ಮಾಡ್ತನ ಮನಷ್ಯಾ ಕಲೀತಾನ. ಇದು ಸಿದ್ಧಾಂತ."

"ಅಲ್ರೀ ಸರ್, ಇದನ್ನ ಸಾಲ್ಯಾಗ ಮಾಡಿದ್ರ ಬೆತ್ತ ತಗೀತಾರ. ಇಲ್ಲಿ ಮಾಡಿದ್ರ ಸಿದ್ಧಾಂತ ಏನ್ರಿ?"

ಬಹುಮಾನದ ಕಲಿಕೆ

ಮರುದಿನ ಒಂದು ವೈರಿ ವಿಮಾನ ಉರುಳಿಸಿದರೆ ಒಂದು ಮಿರ್ಚಿ ಭಜಿ ಅಂದರು. ನಾನು ಉರುಳಿಸಿದ್ದೇ ಉರುಳಿಸಿದ್ದು. ತಟ್ಟೆ ಖಾಲಿಯಾದ ಮೇಲೆ ಒಂದೂ ಬೀಳಲಿಲ್ಲ.

"ಯಾಕಲೇ, ಇಷ್ಟೊತ್ತು ಕಲ್ತದ್ದು ಎಲ್ಲಿ ಹೋತು?"

"ಎಲ್ಲೂ ಹೋಗಿಲ್ರಿ. ಗುಂಡಿ ಒತ್ತಿದ ಕೂಡ್ಲೆ ಬಾಯಾಗ ನೀರು ಬರೂದು ಕಲ್ತೇನಿ ನೋಡ್ರಿ!"

ಮಾಸ್ತರರು ಕುಣಿದಾಡಿಬಿಟ್ಟರು. "ಅದೂ ಒಂದು ಸಿದ್ಧಾಂತನ ಐತಲೇ!"

ನೋಡಿ ಕಲಿಯುವುದು

ಕೊನೆಗೆ ಗುರುಗಳು ಬಂದರು. "ಹುಡುಗನ್ನ ಬಿಡ್ರಿ. ಅವನ ಆಟ ನೋಡಿ ನೀವೇನು ಕಲ್ತೀರಿ? ಆಡಿ ತೋರಸ್ರಿ."

ಮಾಸ್ತರರ ಮುಖ ಸುಣ್ಣವಾಯಿತು. ಅವರು ಒಂದು ದಿನವೂ ಡಬ್ಬಿಯ ಹಿಡಿಕೆ ಮುಟ್ಟಿದವರಲ್ಲ. ನಾಲ್ಕಾಣೆಯ ಪಾವಲಿ ಹಾಕದಿದ್ದರೆ ಡಬ್ಬಿ ಗಿರಾಕಿಗಳನ್ನು ಕರೆಯಲು ತನ್ನ ಪಾಡಿಗೆ ತಾನೇ ಆಡುತ್ತಿರುತ್ತದೆ. ಇದು ನನಗಷ್ಟೇ ಗೊತ್ತಿತ್ತು. ಪಾವಲಿ ಹಾಕಿದಂತೆ ಮಾಡಿ ಅವರನ್ನು ಕೂರಿಸಿದೆ. ಗಾಜಿನ ಮೂಲೆಯಲ್ಲಿ ಪಾವಲಿ ಹಾಕಿರೆಂದು ಇಂಗ್ಲಿಷಿನಲ್ಲಿ ಮಿಂಚುತ್ತಿದ್ದ ಜಾಗಕ್ಕೆ ಮೊಣಕೈ ಊರಿ ನಿಂತೆ.

ಮಾಸ್ತರರು ಹಿಡಿಕೆಯನ್ನು ರೊಟ್ಟಿ ಹಿಟ್ಟು ನಾದಿದಂತೆ ನಾದಿದರು. ವಿಮಾನಗಳು ಪಟಪಟ ಉದುರಿದವು. ಗುರುಗಳು "ಭಲೇ!" ಅಂದಾಗ ಮಾಸ್ತರರು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು. ವಿಮಾನಗಳು ಬೀಳುತ್ತಲೇ ಇದ್ದವು. ಮಾಸ್ತರರು ನನ್ನ ಕಡೆ ನೋಡಿದರು. ನಾನು ಅವರ ಕಾಲು ತುಳಿದೆ.

ಪುಣ್ಯಕ್ಕೆ ಗುರುಗಳ ಕಣ್ಣು ಗಾಜಿನ ಮೇಲೇ ಇತ್ತು. "ಸರೀರಿ ಅತ್ಲಾಗ, ನಾನೂ ಒಂದು ಕೈ ನೋಡ್ತೇನಿ!" ಅಂತ ಕುಳಿತೇಬಿಟ್ಟರು. ಮತ್ತೆ ವಿಮಾನಗಳ ಸುರಿಮಳೆ. ಸಾಕಷ್ಟು ಉರುಳಿಸಿ, ಬೆವರು ಒರೆಸಿಕೊಳ್ಳುತ್ತ ಎದ್ದು ಮಾಸ್ತರರ ಬೆನ್ನು ತಟ್ಟಿದರು:

"ಪಾಸ್ ಹೋಗ್ರಿ! ನಿಮ್ಮನ್ನ ನೋಡೇ ನಾ ಇಷ್ಟು ಕಲ್ತೆ ಅಂದ್ರ, ಸಿದ್ಧಾಂತ ಖರೇನ ಐತಿ!"