ನಮ್ಮ ಮನೆಯ ಬಾಲದ ಹುಚ್ಚಿ

ನನ್ನ ತಮ್ಮನ ಮಗಳಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಬಾಲವೊಂದಿದ್ದರೆ ಜನ್ಮದಲ್ಲಿ ಮರೆಯುವುದಿಲ್ಲ! ದನದ ಬಾಲ, ಕೋತಿಯ ಬಾಲ ಅಲ್ಲ ಮಾರಾಯ್ರೆ, ಕಣ್ಣಿಗೇ ಕಾಣದ ಬ್ಯಾಕ್ಟೀರಿಯಾದ ಬಾಲ! ಅದನ್ನು ತಿರುಗಿಸಿಕೊಂಡು ಅವು ಹೊಟ್ಟೆಯೊಳಗೆ ಈಜುತ್ತವಂತೆ. ಇವಳು ಅದನ್ನು ನೋಡುತ್ತಾಳಂತೆ. ಅದಕ್ಕೆ ಸಂಬಳ ಬೇರೆ!

ಮೈಲಾಪೂರಿನ ಹಳೆಯ ಫ್ಲ್ಯಾಟಿನಲ್ಲಿ ನಾವಿಬ್ಬರೇ. ನಾನು ಓದಿದ್ದು ಮೂರನೇ ಕ್ಲಾಸು, ಅವಳದು ಡಾಕ್ಟರೇಟು. ಹಾಲು ಒಲೆಯ ಮೇಲಿಟ್ಟು ಮರೆಯುವವಳು ಅವಳು, ಬೈಯುವವಳು ನಾನು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಒಮ್ಮೆ ಉಡುಪಿ ಕಡೆಯ ನೆಂಟರ ಮದುವೆ ಊಟ. ಪಕ್ಕದ ಎಲೆಯವರು ಪಾಪ, "ಏನಮ್ಮಾ ನಿನ್ನ ಕೆಲಸ?" ಎಂದು ಕೇಳಿಬಿಟ್ಟರು. ಕೇಳಬಾರದಿತ್ತು! ಭೇದಿ ತರುವ ಬ್ಯಾಕ್ಟೀರಿಯಾ ಕರುಳಿಗೆ ಹೇಗೆ ಈಜಿ ಬರುತ್ತದೆಂದು ಪಾಯಸದಲ್ಲಿ ಬೆರಳಾಡಿಸಿ ತೋರಿಸಿದಳು. ಹೋಳಿಗೆ ಬರುವಷ್ಟರಲ್ಲಿ ಆ ಸಾಲಿನಲ್ಲಿ ಉಳಿದದ್ದು ನಾವಿಬ್ಬರೇ. ನನಗೇನು, ಹೋಳಿಗೆ ಹೆಚ್ಚು ಸಿಕ್ಕಿತು!

ಇನ್ನೊಂದು ದಿನ ಲ್ಯಾಬಿನಿಂದ ಹಾರಿಕೊಂಡೇ ಬಂದಳು. ಕಾಲು ನೋಡಿದರೆ ಒಂದು ನೀಲಿ ಚಪ್ಪಲಿ, ಒಂದು ಕಂದು! "ಅತ್ತೆ, ಗೊತ್ತಾಯ್ತು! ಬನ್ನಿ ಇಲ್ಲಿ!" ಎಂದವಳೇ ದೇವರಿಗೆಂದು ತಂದ ದಪ್ಪ ಹೂವಿನ ಹಾರಕ್ಕೆ ಕೈ ಹಾಕಿದಳು.

"ಏ ಪಿಶಾಚಿ, ಅದು ದೇವರಿಗೆ!"

"ದೇವರು ಕಾಯ್ತಾನೆ. ನೋಡಿ, ಬಾಲ ಅಂದ್ರೆ ಈ ಹಾರದ ಹಾಗೆ. ಒಂದೇ ಪ್ರೋಟೀನಿನ ಸಾವಿರಾರು ತುಂಡು ಸೇರಿ ಆದದ್ದು. ಹೂ ಹೊರಗೆ, ತೊಟ್ಟು ಒಳಗೆ. ಹೂವಿನ ಬಣ್ಣ ಬೇರೆ ಬೇರೆ, ತೊಟ್ಟು ಹೆಚ್ಚಾಗಿ ಒಂದೇ ನಮೂನೆ. ಹೂ ಉದುರಿದ್ರೆ ತೊಟ್ಟು ಕಾಣ್ತದಲ್ಲ? ಮೈಯ ಕಾವಲುಗಾರ ಅದನ್ನು ಹಿಡ್ಕೊಂಡು ಬೊಬ್ಬೆ ಹೊಡೀತಾನೆ. ಆ ಬೊಬ್ಬೆಗೇ ಒಳಗೆ ಬಾವು, ಉರಿ."

"ಹಾಗಾದ್ರೆ ಅವನ ಬಾಯಿ ಮುಚ್ಚಿಸು."

"ಅಯ್ಯೋ ಬೇಡ! ಕೆಲವು ಕಳ್ಳ ಜಾತಿಯ ಬ್ಯಾಕ್ಟೀರಿಯಾಗಳು ತೊಟ್ಟಿನ ಆಕಾರವನ್ನೇ ಬದಲಿಸಿಕೊಂಡಿವೆ. ಕಾವಲುಗಾರನಿಗೆ ಗುರುತೇ ಸಿಗುದಿಲ್ಲ. ಮೆಲ್ಲ ಜಠರದಲ್ಲಿ ಬಿಡಾರ ಹೂಡ್ತವೆ. ನಂಗೆ ಬೊಬ್ಬೆಗೆ ಹೆದರಿಕೆ ಇಲ್ಲ ಅತ್ತೆ, ಸದ್ದಿಲ್ಲದ್ದಕ್ಕೇ ಹೆದರಿಕೆ."

ನಾನು ಉದುರಿದ ಹೂ ಗುಡಿಸಿದೆ. ನನ್ನ ಹೊಟ್ಟೆಯಲ್ಲೂ ಆಗಲೇ ಉರಿ ಇತ್ತು. ಹೇಳಲಿಲ್ಲ. ಹೇಳಿದರೆ ಬಾಯಿಗೆ ಕೊಳವೆ ಇಳಿಸುತ್ತಾರೆ, ಯಾರಿಗೆ ಬೇಕು? ಖಾರ ಬಿಟ್ಟೆ, ಮಜ್ಜಿಗೆ ಕುಡಿದೆ. ಆಮೇಲೆ ಮಲ ಡಾಂಬರಿನಂತೆ ಕಪ್ಪಾಯಿತು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಆಗಲೂ ಹೇಳಲಿಲ್ಲ. ನನ್ನ ಮುಖ ಬಿಳಿಚಿದ್ದು ಅವಳಿಗೆ ಕಂಡೀತೇ? ತನ್ನ ಕಾಲಿನ ಚಪ್ಪಲಿಯೇ ಕಾಣದವಳಿಗೆ!

ಒಂದು ಸಂಜೆ ಹಾಲು ಉಕ್ಕಿ ಒಲೆಯೇ ಆರಿತು. ಪುಸ್ತಕ ಹಿಡಿದು ಓಡಿ ಬಂದವಳು ಬೈಗುಳಕ್ಕೆ ಕಾಯುತ್ತಾ ನಿಂತಳು.

"ಇರ್ಲಿ ಬಿಡು," ಎಂದೆ.

ಪುಸ್ತಕ ಕೆಳಗೆ ಬಿತ್ತು.

"ಅತ್ತೆ, ಹಾಲು ಉಕ್ಕಿತು. ನೀವು ಬೈಲಿಲ್ಲ! ನಿನ್ನೆಯೂ ಬೈಲಿಲ್ಲ! ಎಂತಾಯ್ತು ನಿಮ್ಗೆ? ಸೀಕ್ರಂ, ಬೇಗ ಏಳಿ, ಆಟೋ ಕರೀತೇನೆ!"

ಆಸ್ಪತ್ರೆಯಲ್ಲಿ ನೋಡಿದರೆ ಜಠರದಲ್ಲಿ ಹುಣ್ಣು, ಒಳಗೊಳಗೇ ರಕ್ತ. ಮಾಡಿದ್ದು ಅವಳ ಅದೇ ಕಳ್ಳ ಜಾತಿ! ಇನ್ನೂ ತಡವಾಗಿದ್ದರೆ ಜೀವಕ್ಕೆ ಕಷ್ಟವಿತ್ತು ಎಂದರು ಡಾಕ್ಟರು.

ಕಣ್ಣು ಬಿಟ್ಟಾಗ ಮಂಚದ ಪಕ್ಕದಲ್ಲಿ ಅವಳು. ಅತ್ತು ಅತ್ತು ಮುಖ ಊದಿತ್ತು. ಕಾಲಲ್ಲಿ ಮತ್ತೆ ಜೋಡಿ ತಪ್ಪಿದ ಚಪ್ಪಲಿ. ಈ ಸಲ ಒಂದು ನನ್ನದು!

"ಅತ್ತೆ, ಒಂದು ಸಲ ಬೈಯಿರಿ," ಎಂದಳು.

ಗಂಟಲು ಒಣಗಿತ್ತು. ಆದರೂ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಅವಳು ನನ್ನ ಕೈ ಹಿಡಿದುಕೊಂಡು, ಒಂದೊಂದು ಬೈಗುಳಕ್ಕೂ ತಲೆಯಾಡಿಸುತ್ತಾ ಕೇಳಿದಳು.